ಕುತ್ತಿಗೆಗೆ ಬಲ ತರುವ ವ್ಯಾಯಾಮ

ನಮ್ಮ ಭಾಗದ ಜಾತ್ರೆಗಳಲ್ಲಿ ತೇರು ಎಳೆದ ಮರುದಿನ ಬಯಲು ಕುಸ್ತಿ ನಡೆಯುವುದು ವಾಡಿಕೆ. ಕೆಮ್ಮಣ್ಣಿನ ಕಣದ ಸುತ್ತ ಕುಳಿತ ಹಿರಿಯರು ಜೋಡಿ ಹಚ್ಚುವ ಮುನ್ನ ಪೈಲ್ವಾನರ ತೋಳುಗಳಿಗಿಂತ ಹೆಚ್ಚಾಗಿ ಅವರ ಕುತ್ತಿಗೆಯನ್ನು ಗಮನಿಸುತ್ತಾರೆ. ಇದಕ್ಕೆ ಕಾರಣವಿದೆ. ಎದುರಾಳಿಯ ಕೈ ಮೊದಲು ಬೀಳುವುದು ಹೆಡಕಿನ ಮೇಲೆ. ಕುತ್ತಿಗೆ ಬಾಗಿತೆಂದರೆ ತಲೆ ಬಾಗುತ್ತದೆ, ತಲೆ ಬಾಗಿದ ಕಡೆಗೆ ಇಡೀ ದೇಹ ವಾಲುತ್ತದೆ.

ಇತ್ತೀಚೆಗೆ ಸೈನ್ಯ ಮತ್ತು ಪೊಲೀಸ್ ಭರತಿಗೆ ಸಿದ್ಧತೆ ನಡೆಸಿರುವ ತರುಣರು, ತಾಲೂಕು ಊರುಗಳ ಜಿಮ್‌ಗಳಿಗೆ ಹೋಗುವವರು, ಕುತ್ತಿಗೆ ದಪ್ಪವೂ ಗಟ್ಟಿಯೂ ಆಗಲು ಏನು ಮಾಡಬೇಕೆಂದು ನಮ್ಮಲ್ಲಿ ವಿಚಾರಿಸುತ್ತಿದ್ದಾರೆ. ಅದೇ ದಿನ ಅದೇ ಬಾಕಿನ ಮೇಲೆ ಕುತ್ತಿಗೆ ನೋವೆಂದು ನರಳುವ ತಾಯಂದಿರೂ ಕುಳಿತಿರುತ್ತಾರೆ. ಇವರಿಬ್ಬರಿಗೂ ಹೇಳಬೇಕಾದ ಮಾತು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿವರಿಸುತ್ತೇವೆ.

ವಯಸ್ಕ ಮನುಷ್ಯನ ತಲೆಯ ತೂಕ ಸುಮಾರು 4.5ರಿಂದ 5 ಕಿಲೋ. ಅದನ್ನು ಹೊತ್ತಿರುವುದು 7 ಸಣ್ಣ ಕಶೇರುಗಳು. ಅವುಗಳ ನಡುವೆ ಮೆದುಳುಬಳ್ಳಿ ಇಳಿಯುತ್ತದೆ; ಪಕ್ಕದ ರಂಧ್ರಗಳಲ್ಲಿ ಮೆದುಳಿಗೆ ರಕ್ತ ಒಯ್ಯುವ ಎರಡು ಧಮನಿಗಳು ಏರುತ್ತವೆ. ಇಷ್ಟೊಂದು ಅಮೂಲ್ಯ ವಸ್ತುಗಳು ಇಷ್ಟು ಇಕ್ಕಟ್ಟಾದ ದಾರಿಯಲ್ಲಿ ಸಾಗುವ ಸ್ಥಳ ಶರೀರದಲ್ಲಿ ಇನ್ನೊಂದಿಲ್ಲ. ಸುಶ್ರುತಾಚಾರ್ಯರು ಹೇಳಿದ 107 ಮರ್ಮಗಳಲ್ಲಿ ತಲೆ ಮತ್ತು ಕುತ್ತಿಗೆ ಕೂಡುವಲ್ಲಿರುವ ಕೃಕಾಟಿಕೆಯೂ ಒಂದು. ಅದಕ್ಕೆ ಪೆಟ್ಟು ಬಿದ್ದರೆ ತಲೆ ನಿಲ್ಲದೆ ಅಲುಗಾಡುವುದೆಂದು ಅವರು ಎಚ್ಚರಿಸಿದ್ದಾರೆ. ಈ ಎಲುಬುಗಳ ಸುತ್ತ ಸ್ನಾಯುಗಳು ಪದರ ಪದರವಾಗಿ ಇವೆ. ಕಿವಿಯ ಹಿಂದಿನಿಂದ ಎದೆಯ ಎಲುಬಿಗೆ ಓರೆಯಾಗಿ ಇಳಿಯುವ ಹುರಿಯಂಥ ಸ್ನಾಯು, ಹೆಡಕಿನಿಂದ ಭುಜಕ್ಕೆ ಹರಡಿದ ಟ್ರೆಪೀಜಿಯಸ್ ಸ್ನಾಯು, ಇವು ಕಣ್ಣಿಗೆ ಕಾಣುವಂಥವು. ಗಂಟಲಿನ ಹಿಂದೆ ಕಶೇರುಗಳಿಗೆ ಅಂಟಿಕೊಂಡಿರುವ ಒಳಸ್ನಾಯುಗಳು ಕಾಣುವುದಿಲ್ಲ. ದಪ್ಪ ಕಾಣಬೇಕೆನ್ನುವವರು ಹೊರಗಿನವನ್ನಷ್ಟೇ ಬೆಳೆಸುತ್ತಾರೆ. ಕುತ್ತಿಗೆಯನ್ನು ನೆಟ್ಟಗೆ ನಿಲ್ಲಿಸುವ ಕೆಲಸ ಬಹುಪಾಲು ಒಳಗಿನವುಗಳದು.

ದಂಡ ಹೊಡೆದರೆ, ಬಸ್ಕಿ ತೆಗೆದರೆ, ಭಾರ ಎತ್ತಿದರೆ ಕುತ್ತಿಗೆಯೂ ತಾನಾಗಿ ಬೆಳೆಯುತ್ತದೆಂದು ಅನೇಕರು ನಂಬಿದ್ದಾರೆ. ಇದು ಸರಿಯಲ್ಲ. 1997ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು 12 ವಾರ ಕೇವಲ ಸಾಮಾನ್ಯ ಭಾರದ ವ್ಯಾಯಾಮ ಮಾಡಿತು. ಇನ್ನೊಂದು ಗುಂಪು ಅದರ ಜೊತೆಗೆ ವಾರಕ್ಕೆ 3 ದಿನ, 10 ಸಲದಂತೆ 3 ಸುತ್ತು, ತಲೆಯನ್ನು ಭಾರದ ವಿರುದ್ಧ ಹಿಂದಕ್ಕೆ ಒತ್ತುವ ವ್ಯಾಯಾಮವನ್ನೂ ಮಾಡಿತು. ಮೊದಲ ಗುಂಪಿನವರ ಕುತ್ತಿಗೆ ಹಾಗೆಯೇ ಉಳಿಯಿತು. ಎರಡನೆಯವರಲ್ಲಿ ಕುತ್ತಿಗೆಯ ಸ್ನಾಯುಗಳ ಗಾತ್ರ ಸುಮಾರು ಶೇ. 13, ಬಲ ಶೇ. 34 ಹೆಚ್ಚಿತು. ನಮ್ಮ ಗರಡಿಯ ವಸ್ತಾದರಿಗೆ ಇದು ಅನುಭವದಿಂದಲೇ ತಿಳಿದಿತ್ತು. ಅದಕ್ಕೆಂದೇ ಹಿಂದಿನ ಮಲ್ಲರು ಕಲ್ಲಿನ ಭಾರವಾದ ಬಳೆಯನ್ನು ಕೊರಳಿಗೆ ಹಾಕಿಕೊಂಡು ದಂಡ–ಬಸ್ಕಿ ತೆಗೆಯುತ್ತಿದ್ದರು. 1910ರಲ್ಲಿ ಲಂಡನ್ನಿಗೆ ಹೋಗಿ ಹೆಸರು ಮಾಡಿ ಬಂದ ಗಾಮಾ ಪೈಲ್ವಾನರ ಸಾಧನೆಯಲ್ಲಿಯೂ ಈ ಬಳೆ ಇತ್ತು.

ತಲೆಯ ಮೇಲೆ ಹೊರೆ ಹೊರುವುದರಿಂದ ಕುತ್ತಿಗೆ ಗಟ್ಟಿಯಾಗುವುದಿಲ್ಲವೇ ಎಂದು ಕೇಳುವವರುಂಟು. ನವಲಗುಂದ, ಅಣ್ಣಿಗೇರಿಯ ಎರೆನಾಡಿನಲ್ಲಿ ಬೋರಿನ ನೀರು ಸವಳಾದ್ದರಿಂದ ಊರ ಕೆರೆಯಿಂದ ಕೊಡ ಹೊತ್ತು ತಂದ ತಲೆಮಾರುಗಳು ಇನ್ನೂ ನಮ್ಮ ಕಣ್ಣೆದುರಿಗಿವೆ. ಕಲಘಟಗಿಯ ಕಾಡಂಚಿನಲ್ಲಿ ಕಟ್ಟಿಗೆ, ಹುಲ್ಲಿನ ಹೊರೆ. ಸಿಂಬಿಯ ಮೇಲೆ ಕೊಡವಿಟ್ಟು ಕೈಬಿಟ್ಟು ನಡೆಯುವ ಆ ನೆಟ್ಟನೆಯ ನಡಿಗೆ ನೋಡಲು ಚೆಂದ, ಸಂಶಯವಿಲ್ಲ. ಆದರೆ ಆ ಭಾರ ಇಳಿಯುವುದು ಎಲುಬಿನ ಮೇಲೆ, ಎಲುಬುಗಳ ನಡುವಿನ ಮೆತ್ತೆಗಳ ಮೇಲೆ. ಸ್ನಾಯುಗಳು ತೋಲ ಕಾಯುತ್ತವೆಯೇ ಹೊರತು ಭಾರ ಎತ್ತುವುದಿಲ್ಲ. ಆದುದರಿಂದ ವರ್ಷಗಟ್ಟಲೆ ತಲೆಹೊರೆ ಹೊತ್ತವರಲ್ಲಿ ಕಶೇರುಗಳ ಸವೆತ ಬೇಗನೆ ಕಾಣಿಸಿಕೊಳ್ಳುತ್ತದೆ. ಇದು ದುಡಿಮೆ, ವ್ಯಾಯಾಮವಲ್ಲ. ಬಾಗಿದ ಹೆಡಕಿನ ಮೇಲೆಯೇ ಚೀಲ ಹೊರುವ ಹಮಾಲರ ವಿಷಯವೂ ಹೀಗೆಯೇ.

ಹಾಗಾದರೆ ಮಾಡತಕ್ಕದ್ದೇನು? ವ್ಯಾಯಾಮವನ್ನು ಅರ್ಧಶಕ್ತಿಯಷ್ಟೇ ಮಾಡಬೇಕೆಂಬುದು ವಾಗ್ಭಟಾಚಾರ್ಯರ ಆದೇಶ. ಬಾಯಿಂದ ಉಸಿರಾಡುವಂತಾದರೆ, ಹಣೆ ಮತ್ತು ಕಂಕುಳಲ್ಲಿ ಬೆವರೊಡೆದರೆ ಆ ಮಿತಿ ಮುಟ್ಟಿತೆಂದು ತಿಳಿಯಬೇಕು. ಕೈಕಾಲುಗಳ ವಿಷಯದಲ್ಲಿ ತರುಣರು ಇದನ್ನು ಮೀರಿದರೆ ಎರಡು ದಿನ ಮೈಕೈ ನೋವು ಬಂದು ಹೋದೀತು. ಕುತ್ತಿಗೆಯ ವಿಷಯದಲ್ಲಿ ಮೀರಲೇಬಾರದು.

ಮೊದಲ 3 ವಾರ ಯಾವ ಸಾಧನವೂ ಬೇಡ. ನೆಟ್ಟಗೆ ಕುಳಿತು ಅಂಗೈಯನ್ನು ಹಣೆಗೆ ಆನಿಸಿ, ತಲೆ ಕದಲದಂತೆ ಕೈಯಿಂದ ತಲೆಯನ್ನೂ ತಲೆಯಿಂದ ಕೈಯನ್ನೂ ಒತ್ತಬೇಕು. ಮನಸ್ಸಿನಲ್ಲಿ 8 ಎಣಿಸುವವರೆಗೆ ಒತ್ತಿ, ಮೆಲ್ಲಗೆ ಸಡಿಲಿಸಬೇಕು. ಹೀಗೆಯೇ ಹೆಡಕಿಗೆ ಎರಡೂ ಕೈ ಹೆಣೆದು, ಬಳಿಕ ಎಡಕ್ಕೆ, ಬಲಕ್ಕೆ. ಪ್ರತಿ ದಿಕ್ಕಿಗೂ 5 ಸಲ. ಉಸಿರು ಬಿಗಿಹಿಡಿಯಬಾರದು. ಒಳಸ್ನಾಯುಗಳಿಗಾಗಿ ಚಾಪೆಯ ಮೇಲೆ ದಿಂಬಿಲ್ಲದೆ ಅಂಗಾತ ಮಲಗಿ, ಗದ್ದವನ್ನು ಮೆಲ್ಲಗೆ ಗಂಟಲ ಕಡೆಗೆ ಎಳೆದು, ಹೆಡಕಿನಿಂದ ಚಾಪೆಯನ್ನು ಮುಟ್ಟುವಂತೆ ಒತ್ತಿ, 8 ಎಣಿಸಿ ಬಿಡಬೇಕು. ನೋಡುವವರಿಗೆ ಇದು ವ್ಯಾಯಾಮವೆಂದೇ ಅನಿಸುವುದಿಲ್ಲ. ಹತ್ತು ಸಲ ಮಾಡಿದ ಮೇಲೆ ಇದರ ಶ್ರಮ ತಿಳಿಯುತ್ತದೆ.

ಇಷ್ಟು ನೋವಿಲ್ಲದೆ ಸಾಧ್ಯವಾದ ಮೇಲೆ ಭಾರದ ಮಾತು. ಸೈಕಲ್ಲಿನ ಹಳೆಯ ಟ್ಯೂಬನ್ನು ಸೀಳಿ, ಬಟ್ಟೆ ಸುತ್ತಿ ಹಣೆಗೆ ಹಾಕಿಕೊಂಡು, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಎಳೆಯಬಹುದು. ಫಿನ್‌ಲೆಂಡ್ ದೇಶದಲ್ಲಿ ಬಹುಕಾಲದ ಕುತ್ತಿಗೆ ನೋವಿದ್ದ 180 ಜನ ಕಚೇರಿ ನೌಕರ ಮಹಿಳೆಯರ ಮೇಲೆ ಒಂದು ವರ್ಷ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥದೇ ರಬ್ಬರ್ ಪಟ್ಟಿ ಬಳಸಿದ್ದರು. ಬಲವರ್ಧಕ ವ್ಯಾಯಾಮ ಮಾಡಿದವರಲ್ಲಿ ಕುತ್ತಿಗೆಯನ್ನು ಮುಂದೆ ಬಾಗಿಸುವ ಶಕ್ತಿ ಇಮ್ಮಡಿಗಿಂತ ಹೆಚ್ಚಾಯಿತು, ನೋವೂ ಗಣನೀಯವಾಗಿ ಇಳಿಯಿತು. ನೋವಿದ್ದವರು ಕುತ್ತಿಗೆ ಅಲುಗಿಸದೆ ಪಟ್ಟಿ ಕಟ್ಟಿಕೊಂಡು ಕೂರಬೇಕೆಂಬ ಹಳೆಯ ಕಲ್ಪನೆಯನ್ನು ನಾವೂ ಒಪ್ಪುವುದಿಲ್ಲ.

ಗಾತ್ರವೇ ಬೇಕೆನ್ನುವ ತರುಣರು ಮಂಚದ ಅಂಚಿನಿಂದ ತಲೆ ಹೊರಚಾಚಿ ಬೋರಲಾಗಿ ಮಲಗಿ, ಮಡಿಸಿದ ಟವೆಲಿನ ಮೇಲೆ 1 ಕಿಲೋ ಮರಳಿನ ಚೀಲವನ್ನು ಹೆಡಕಿನ ಮೇಲ್ಭಾಗದಲ್ಲಿ ಕೈಯಿಂದ ಹಿಡಿದು, ತಲೆಯನ್ನು ಮೆಲ್ಲಗೆ ಎತ್ತಿ ಇಳಿಸಬೇಕು. 10 ಸಲದಂತೆ 3 ಸುತ್ತು, ವಾರಕ್ಕೆ 3 ದಿನ, ದಿನ ಬಿಟ್ಟು ದಿನ. ಎರಡು ವಾರಕ್ಕೊಮ್ಮೆ ಅರ್ಧ ಕಿಲೋಗಿಂತ ಹೆಚ್ಚು ಏರಿಸಬಾರದು. ಅಂಗಾತ ಮಲಗಿ ಹಣೆಯ ಮೇಲೆ ಭಾರವಿಟ್ಟೂ ಇದನ್ನು ಮಾಡಬೇಕು. ಹಿಂಭಾಗವನ್ನಷ್ಟೇ ಬೆಳೆಸಿದರೆ ಕುತ್ತಿಗೆಯ ಸಮತೋಲ ಕೆಡುತ್ತದೆ. ತಲೆಯನ್ನು ಗರಗರ ತಿರುಗಿಸುವುದು, ಜಗ್ಗುವುದು ಸಲ್ಲದು. ತಲೆ ಮತ್ತು ಪಾದಗಳ ಮೇಲೆ ಮೈಯನ್ನು ಕಮಾನಿನಂತೆ ನಿಲ್ಲಿಸುವ ಪೈಲ್ವಾನರ ಪಟ್ಟು ಕುಸ್ತಿ ಆಡುವವರಿಗೆ ಮಾತ್ರ, ಅದೂ ಮೆತ್ತನೆಯ ಮಣ್ಣಿನಲ್ಲಿ, ವಸ್ತಾದರ ಕಣ್ಣೆದುರಿಗೆ. ಮೊಬೈಲಿನಲ್ಲಿ ನೋಡಿ ಫರಸಿಯ ಮೇಲೆ ಮಾಡುವುದು ಅಪಾಯ. 40 ದಾಟಿದವರು ಅದನ್ನು ಹೊಸದಾಗಿ ಆರಂಭಿಸಲೇಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಈ ಬಲದಿಂದ ಬರುವ ಲಾಭ ಅಂದಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ಪ್ರೌಢಶಾಲಾ ಆಟಗಾರರ ಕುರಿತ 2014ರ ಅಧ್ಯಯನವೊಂದರಲ್ಲಿ ಕುತ್ತಿಗೆಯ ಬಲ ಒಂದು ಪೌಂಡ್, ಎಂದರೆ ಅರ್ಧ ಕಿಲೋಗೆ ಸ್ವಲ್ಪ ಕಡಿಮೆ, ಹೆಚ್ಚಿದಂತೆ ಆಟದಲ್ಲಿ ಮೆದುಳಿಗೆ ಪೆಟ್ಟಾಗುವ ಸಂಭವ ಸುಮಾರು ಶೇ. 5ರಷ್ಟು ಕಡಿಮೆಯಾದುದು ಕಂಡುಬಂತು. ಕಬಡ್ಡಿ ಆಡುವ ನಮ್ಮ ಹುಡುಗರ ಶಿಕ್ಷಕರು ಇದನ್ನು ಗಮನಿಸಬೇಕು.

ದಪ್ಪ ಕುತ್ತಿಗೆಯೆಲ್ಲ ಬಲವಾದ ಕುತ್ತಿಗೆಯಲ್ಲ. ಕೊಬ್ಬಿನಿಂದ ದಪ್ಪವಾಗಿ, ಅಂಗಿಯ ಕಾಲರು ಗಂಡಸರಲ್ಲಿ 17 ಅಂಗುಲ, ಹೆಂಗಸರಲ್ಲಿ 16 ಅಂಗುಲ ಮೀರಿ, ಗೊರಕೆಯ ನಡುವೆ ಉಸಿರು ನಿಂತಂತಾಗುತ್ತಿದ್ದರೆ ಮೈತೂಕ ಇಳಿಸುವುದು ಮೊದಲ ಕೆಲಸ. ಮುಂಭಾಗದಲ್ಲಷ್ಟೇ ಉಬ್ಬಿದ್ದರೆ ಥೈರಾಯ್ಡ್ ಪರೀಕ್ಷೆಯಾಗಬೇಕು.

ವ್ಯಾಯಾಮಕ್ಕೆ ಮುನ್ನ ಉಗುರುಬೆಚ್ಚನೆಯ ಎಳ್ಳೆಣ್ಣೆಯನ್ನು ಹೆಡಕು, ಭುಜಗಳಿಗೆ ತಿಕ್ಕಿಕೊಳ್ಳುವುದು ಹಿತ. ಆಹಾರಕ್ಕೆ ಡಬ್ಬಿಯ ಪುಡಿಗಳು ಬೇಕಿಲ್ಲ. ರೊಟ್ಟಿಯೊಡನೆ ಮೊಳಕೆ ಹೆಸರು, ನೆನೆಸಿದ ಕಡಲೆ, ಶೇಂಗಾ, ಹಾಲು, ಮಿತವಾದ ತುಪ್ಪ, ಜೀರ್ಣವಾಗುವವರಿಗೆ ಉದ್ದು ಸಾಕು. ಹಗಲುನಿದ್ರೆ, ವಕ್ರವಾಗಿ ಕೂರುವುದು, ಬಹುಹೊತ್ತು ಮೇಲೆ ನೋಡುವುದು, ಇವು ಮನ್ಯಾಸ್ತಂಭಕ್ಕೆ ಅಂದರೆ ಕುತ್ತಿಗೆ ಬಿಗಿತಕ್ಕೆ ಕಾರಣವೆಂದು ಸುಶ್ರುತರು ಹೇಳಿದ್ದಾರೆ. ಇಂದು ಬಹುಹೊತ್ತು ಕೆಳಗೆ ನೋಡುವುದನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು. ಮೊಬೈಲಿರಲಿ, ಪುಸ್ತಕವಿರಲಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಲಿಂಗಪೂಜೆಯಲ್ಲಿ ಕರಸ್ಥಲವನ್ನು ದೃಷ್ಟಿಗೆ ಸಮನಾಗಿ ಎತ್ತುವ ನಮ್ಮ ರೂಢಿ ಕುತ್ತಿಗೆಗೂ ಹಿತಕರವೇ.

ತೋಳಿನುದ್ದಕ್ಕೂ ಇಳಿಯುವ ನೋವು, ಬೆರಳುಗಳಲ್ಲಿ ಜೋಮು, ಕೈಯಿಂದ ಲೋಟ ಜಾರುವುದು, ನಡಿಗೆಯಲ್ಲಿ ತೂರಾಟ, ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದಿದ್ದರೂ ಮೇಲಿನ ಯಾವ ವ್ಯಾಯಾಮವನ್ನೂ ಮಾಡದೆ, ಎಣ್ಣೆ ತಿಕ್ಕುತ್ತ ಕಾಲ ಕಳೆಯದೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ನಂಥ ದೊಡ್ಡ ಆಸ್ಪತ್ರೆಗೆ ಹೋಗತಕ್ಕದ್ದು. ಎಲುಬು ಸವೆದವರು, ಸಂಧಿವಾತವುಳ್ಳವರು, ಹಿಂದೆ ಕುತ್ತಿಗೆಗೆ ಪೆಟ್ಟು ತಿಂದವರು ವೈದ್ಯರನ್ನು ಕೇಳದೆ ಭಾರ ಮುಟ್ಟಬಾರದು. ರಕ್ತದೊತ್ತಡವಿರುವವರು ಅಂಗೈ ಒತ್ತುವ ವ್ಯಾಯಾಮವನ್ನೂ ಹಗುರವಾಗಿಯೇ ಮಾಡಲಿ.

ಕೊನೆಯದಾಗಿ, ಕ್ಷೌರದ ಅಂಗಡಿಯಲ್ಲಿ ತಲೆ ಹಿಡಿದು ಕಟಕ್ಕೆಂದು ಕುತ್ತಿಗೆ ಮುರಿಸಿಕೊಳ್ಳುವ ಚಟ ನಮ್ಮಲ್ಲಿ ಬಹಳ ಇದೆ. ಆ ಸಪ್ಪಳದಿಂದ ಕ್ಷಣಕಾಲ ಹಗುರವೆನಿಸುವುದು ನಿಜ. ಆದರೆ ಹಾಗೆ ಥಟ್ಟನೆ ತಿರುವಿದಾಗ ಕಶೇರುಗಳ ಪಕ್ಕದ ಧಮನಿಯ ಒಳಪದರ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿ ದಾಖಲಾಗಿವೆ. ಮುಂದಿನ ಸಲ ಕುರ್ಚಿಯಲ್ಲಿ ಕುಳಿತಾಗ, ಕುತ್ತಿಗೆ ಮುಟ್ಟುವುದು ಬೇಡವೆಂದು ಮೊದಲೇ ಹೇಳಿಬಿಡಿ.