ಟವರ್ ಬಾಡಿಗೆಯ ಮೇಲ್, ಓಡುವ ನೆಟ್: ಏಳು ಸೂತ್ರಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಒಣಭೂಮಿಯ ರೈತರಿಗೆ ಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ‘ನಿಮ್ಮ ಜಮೀನಿನಲ್ಲಿ 5ಜಿ ಟವರ್, ತಿಂಗಳಿಗೆ ಭಾರಿ ಬಾಡಿಗೆ’ ಎಂಬ ಪತ್ರ ಬಂದರೆ ಆಸೆ ಹುಟ್ಟುವುದು ಸಹಜ. ಊರಿಗೆ ಒಳ್ಳೆಯ ನೆಟ್ ಬೇಕು, ಮನೆಗೆ ಆದಾಯವೂ ಬೇಕು. ವಂಚಕರು ಕೈಹಾಕುವುದು ಅಲ್ಲಿಗೇ.

1. ಬಾಡಿಗೆ ಕೊಡುವವರು ದುಡ್ಡು ಕೇಳುವುದಿಲ್ಲ. ಪಾವಗಡದ ತಿರುಮಣಿ ಸುತ್ತ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಗುತ್ತಿಗೆಗೆ ಹೋಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ದುಡ್ಡು ಬಂದದ್ದು ರೈತರ ಕಡೆಗೆ. ಟವರ್ ಪತ್ರದವರು ನೋಂದಣಿ ಶುಲ್ಕ, ಜಿಎಸ್‌ಟಿ, ಮುಂಗಡ ತೆರಿಗೆ ಎಂದು ನಿಮ್ಮಿಂದಲೇ ಕೇಳುತ್ತಾರೆ. ಪತ್ರದ ಮೇಲೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಮುದ್ರೆ ಇದ್ದರಂತೂ ಅದು ಖೋಟಾ ಎಂದೇ ತಿಳಿಯಿರಿ: ಟವರ್ ಜಾಗದ ಗುತ್ತಿಗೆಗೂ ಟ್ರಾಯ್‌ಗೂ ಸಂಬಂಧವಿಲ್ಲ, ಅದು ಎನ್‌ಒಸಿ ಕೊಡುವುದೂ ಇಲ್ಲ. ಪಹಣಿ, ಆಧಾರ್, ಪಾಸ್‌ಬುಕ್ ಫೋಟೊ ಕಳಿಸಲೇಬೇಡಿ.

2. ಹೆಸರು ಬಿಡಿ, ವಿಳಾಸ ನೋಡಿ. ದೆಹಲಿಯ ಇಲಾಖೆಯ ಹೆಸರಿನ ಪತ್ರ ಯಾರದೋ ಜಿಮೇಲ್‌ನಿಂದ ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ.

3. ಡಿಲೀಟ್ ಮಾಡಬೇಡಿ, ‘ಸ್ಪ್ಯಾಮ್’ ಎಂದು ಗುರುತಿಸಿ. ಬರೀ ಅಳಿಸಿದರೆ ಮೇಲ್ ಸೇವೆಗೆ ಏನೂ ತಿಳಿಯುವುದಿಲ್ಲ. ಗುರುತು ಹಾಕಿದರೆ ಮುಂದಿನವನ್ನು ಸೋಸಲು ದಾರಿಯಾಗುತ್ತದೆ. ನಿಮಗೆ ಗೊತ್ತಿರುವ ಅಂಗಡಿಯ ಜಾಹೀರಾತಾದರೆ ‘ಅನ್‌ಸಬ್‌ಸ್ಕ್ರೈಬ್’ ಒತ್ತಿ. ಗುರುತಿಲ್ಲದವರ ಪತ್ರದಲ್ಲಿ ಅದನ್ನೂ ಒತ್ತಬೇಡಿ. ಒತ್ತಿದರೆ ಈ ವಿಳಾಸ ಬಳಕೆಯಲ್ಲಿದೆ ಎಂದು ನೀವೇ ಹೇಳಿದಂತೆ.

4. ಎರಡು ಮೇಲ್ ವಿಳಾಸ ಇಟ್ಟುಕೊಳ್ಳಿ. ಬ್ಯಾಂಕಿಗೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಒಂದು, ಉಳಿದದ್ದಕ್ಕೆಲ್ಲ ಇನ್ನೊಂದು.

5. 5ಜಿಗೆಂದು ಒಟಿಪಿ ಕೊಡಬೇಡಿ. ಜಿಯೊ, ಏರ್‌ಟೆಲ್‌ನ 5ಜಿಗೆ ಈಗಿರುವ 4ಜಿ ಸಿಮ್ಮೇ ಸಾಕು. ‘ಸಿಮ್ ಅಪ್‌ಗ್ರೇಡ್’ ಲಿಂಕ್ ಬಂದರೆ ಅದು ಬಲೆ.

6. ನೆಟ್ ಕಂಪನಿಯ ವೇಗದ ಮಾತನ್ನು ಅಳೆದು ನೋಡಿ. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಎಂಬಿ ಅಲ್ಲ. ಅದು ಬಿಟ್ ಲೆಕ್ಕ. ಎಂಟರಿಂದ ಭಾಗಿಸಿದರೆ ಹೆಚ್ಚೆಂದರೆ 12.5 ಎಂಬಿ ಇಳಿಯುತ್ತದೆ. ಕನೆಕ್ಷನ್ ತೆಗೆದುಕೊಳ್ಳುವ ಮುಂಚೆ ಅದೇ ಕಂಪನಿಯ ನೆಟ್ ಇರುವ ಪಕ್ಕದ ಮನೆಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಪರೀಕ್ಷಿಸಿ. ಎಲ್ಲರೂ ವಿಡಿಯೊ ನೋಡುವ ಆ ಹೊತ್ತಿನ ವೇಗವೇ ನಿಜವಾದ ವೇಗ. ಮನೆಗೆ ಬಂದ ಮೇಲೆ ನಿಧಾನವೆನಿಸಿದರೆ ರೂಟರಿಗೆ ಲ್ಯಾನ್ ವೈರ್ ಹಾಕಿ ಅಳೆಯಿರಿ. ವೈರಿನಲ್ಲಿ ಚೆನ್ನಾಗಿದ್ದು ವೈಫೈನಲ್ಲಿ ಇಲ್ಲವೆಂದರೆ ತೊಂದರೆ ಮನೆಯೊಳಗಿದೆ. ದಪ್ಪ ಕಲ್ಲಿನ ಗೋಡೆ ವೈಫೈ ತಡೆಯುತ್ತದೆ. ರೂಟರನ್ನು ನಡುಮನೆಗೆ, ಎತ್ತರಕ್ಕೆ ತನ್ನಿ. ಕರೆಂಟ್ ಹೋದಾಗ ನೆಟ್ ನಿಲ್ಲಬಾರದೆಂದರೆ ರೂಟರಿಗೆ ಸಣ್ಣ ಯುಪಿಎಸ್ ಹಾಕಿಸಿ.

7. ದುಡ್ಡು ಹೋಯಿತೇ? ನಾಚಿಕೆ ಬಿಟ್ಟು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ವಂಚಕನ ಖಾತೆಯಿಂದ ಮುಂದಕ್ಕೆ ಹೋಗುವ ಮುಂಚೆ ತಡೆಯಲು ಸಾಧ್ಯವಿರುವುದು ಆ ಮೊದಲ ಗಂಟೆಗಳಲ್ಲೇ. ಹಣ ಕಳಿಸಿದ ಸಮಯ, ಮೊತ್ತ, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಬಂದ ಪತ್ರವನ್ನು ಅಳಿಸದೆ ಇಟ್ಟುಕೊಂಡಿರಿ.