ದೇವಯಾನಿ ಮತ್ತು ಶರ್ಮಿಷ್ಠೆ

ಕಥೆಗಳಲ್ಲಿ ಬಾಲ್ಯದ ಗೆಳತಿಯರ ನಡುವೆ ಮತ್ಸರವು ಮೊಳೆಯುವುದನ್ನೂ, ಒಬ್ಬಳು ಇನ್ನೊಬ್ಬಳಿಂದ ಬಹುಕಾಲ ಗುಟ್ಟನ್ನು ಮರೆಮಾಡುವುದನ್ನೂ ನಾವು ಓದುತ್ತೇವೆ. ಒಡನಾಡಿಗಳಾಗಿದ್ದವರಲ್ಲಿ ಹೀಗೇಕಾಗುತ್ತದೆ? ಮಹಾಭಾರತದ ಆದಿಪರ್ವದಲ್ಲಿ ಬರುವ ದೇವಯಾನಿ–ಶರ್ಮಿಷ್ಠೆಯರ ಕಥೆಯನ್ನು ಈ ದೃಷ್ಟಿಯಿಂದ ಇಲ್ಲಿ ವಿಚಾರಿಸೋಣ.

ದೇವಯಾನಿಯು ಶುಕ್ರಾಚಾರ್ಯರ ಮಗಳು; ಶರ್ಮಿಷ್ಠೆಯು ದಾನವರ ಅರಸನಾದ ವೃಷಪರ್ವನ ಮಗಳು. ಒಂದು ದಿನ ಇವರು ಗೆಳತಿಯರೊಡನೆ ಜಲಕ್ರೀಡೆಯಲ್ಲಿದ್ದಾಗ ದಡದ ಮೇಲಿನ ವಸ್ತ್ರಗಳು ಗಾಳಿಗೆ ಕಲೆತುಹೋದುವು. ಶರ್ಮಿಷ್ಠೆಯು ತಿಳಿಯದೆ ದೇವಯಾನಿಯ ವಸ್ತ್ರವನ್ನುಟ್ಟಳು. ಶಿಷ್ಯಳಾದವಳು ತನ್ನ ಬಟ್ಟೆಯನ್ನು ಮುಟ್ಟಬಹುದೆ ಎಂದು ದೇವಯಾನಿ ಜರೆದಳು. ನಿನ್ನ ತಂದೆ ನನ್ನ ತಂದೆಯನ್ನು ಹೊಗಳಿ ಬೇಡಿ ಬದುಕುವವನು ಎಂದು ಶರ್ಮಿಷ್ಠೆ ಹಂಗಿಸಿ, ಅವಳನ್ನು ಬಾವಿಗೆ ನೂಕಿ ಹೊರಟುಹೋದಳು. ಬೇಟೆಗೆ ಬಂದಿದ್ದ ಯಯಾತಿ ಮಹಾರಾಜನು ದೇವಯಾನಿಯನ್ನು ಕೈಹಿಡಿದು ಮೇಲೆತ್ತಿದನು.

ತನ್ನ ಅಪಮಾನಕ್ಕೆ ಪ್ರತಿಯಾಗಿ ದೇವಯಾನಿಯು ಶರ್ಮಿಷ್ಠೆಯನ್ನೇ ದಾಸಿಯಾಗಿ ಕೇಳಿದಳು. ಗುರುವು ಮುನಿದು ಹೋದರೆ ಕುಲಕ್ಕೆ ಕೇಡೆಂದು ಶರ್ಮಿಷ್ಠೆ ಒಪ್ಪಿದಳು. ದೇವಯಾನಿಯು ಯಯಾತಿಯ ರಾಣಿಯಾದಳು. ಶರ್ಮಿಷ್ಠೆಗೆ ಅಶೋಕವನದ ಸಮೀಪದಲ್ಲಿ ಒಂದು ಮನೆ ದೊರೆಯಿತು. ಅಲ್ಲಿಯೇ ಗುಟ್ಟು ಹುಟ್ಟಿತು. ಶುಕ್ರಾಚಾರ್ಯರ ಆಜ್ಞೆಯನ್ನು ಮೀರಿ ಯಯಾತಿಯು ಅವಳನ್ನು ಕೂಡಿದನು. ಮಗುವಿನ ತಂದೆ ಯಾರೆಂದು ದೇವಯಾನಿ ಕೇಳಿದಾಗ, ಒಬ್ಬ ಋಷಿಯೆಂದು ಶರ್ಮಿಷ್ಠೆ ಹೇಳಿದಳು. ದ್ರುಹ್ಯು, ಅನು, ಪೂರು ಎಂಬ ಮೂವರು ಮಕ್ಕಳಾಗುವವರೆಗೂ ಈ ಮಾತು ಗುಟ್ಟನ್ನು ಕಾಯಿತು. ಕೊನೆಗೆ ಆ ಬಾಲಕರೇ ರಾಜನನ್ನು ಬೆರಳಿಟ್ಟು ತೋರಿಸಿದರು. ಆಗಲೂ ಶರ್ಮಿಷ್ಠೆಯು, ಋಷಿಯೆಂದುದು ಸತ್ಯವೇ ಎಂದು ಸಮರ್ಥಿಸಿಕೊಂಡಳು, ಯಯಾತಿಯು ರಾಜರ್ಷಿಯಲ್ಲವೆ? ಅರ್ಧಸತ್ಯವು ಸುಳ್ಳಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು.

ಆಧುನಿಕರೂ ಈ ಕಥೆಯನ್ನು ಬಿಟ್ಟಿಲ್ಲ. ವಿ. ಸ. ಖಾಂಡೇಕರರು ತಮ್ಮ ಮರಾಠಿ ಕಾದಂಬರಿ 'ಯಯಾತಿ'ಯಲ್ಲಿ ಯಯಾತಿ, ದೇವಯಾನಿ, ಶರ್ಮಿಷ್ಠೆ ಮೂವರಿಂದಲೂ ಅವರವರ ಕಥೆಯನ್ನು ಹೇಳಿಸಿದ್ದಾರೆ. ಅದಕ್ಕೆ 1974ರ ಜ್ಞಾನಪೀಠ ಪ್ರಶಸ್ತಿ ಸಂದಿತು. 1920ರಿಂದ 1938ರವರೆಗೆ ಅವರು ನಮ್ಮ ಗೋವೆಯ ಉತ್ತರದ ಗಡಿಯಾಚೆಗಿರುವ ಶಿರೋಡೆಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದರು. ಕನ್ನಡದಲ್ಲಿ ಗಿರೀಶ ಕಾರ್ನಾಡರ 'ಯಯಾತಿ' ನಾಟಕವು 1961ರಲ್ಲಿ ಪ್ರಕಟವಾಯಿತು. ಅಲ್ಲಿಯ ಶರ್ಮಿಷ್ಠೆ ಮೌನಿಯಲ್ಲ. ದಾಸ್ಯದ ಕಹಿಯನ್ನು ಕಟುವಾದ ಮಾತಿನಲ್ಲಿ ಹೊರಗೆಡಹುವವಳು.

ಇವುಗಳನ್ನೆಲ್ಲ ಜೊತೆಗಿಟ್ಟು ನೋಡಿದರೆ ನಮಗೆ ತೋರುವುದಿಷ್ಟು: ಸರಿಸಮಾನತೆ ಇರುವಲ್ಲಿ ಮಾತ್ರ ಮನಸ್ಸು ಬಿಚ್ಚಿಕೊಳ್ಳುತ್ತದೆ. ಗೆಳತಿಯು ಒಡತಿಯಾದ ದಿನವೇ ಅವಳೊಡನೆ ನಿಜವನ್ನಾಡುವ ದಾರಿ ಮುಚ್ಚಿತು. ಶರ್ಮಿಷ್ಠೆಯ ವಂಚನೆ ತಪ್ಪೇ ಸರಿ. ಆದರೆ ಆ ಗುಟ್ಟಿಗೆ ಎಡೆಮಾಡಿಕೊಟ್ಟ ಪಾಲು ದೇವಯಾನಿಯ ಹಗೆಯದೂ ಹೌದು, ಆಜ್ಞೆ ಮೀರಿದ ಅರಸನದೂ ಹೌದು.

ಇನ್ನೊಂದು ಮಾತು. ಬಾವಿಯ ದಡದ ಜಗಳವು ಬಟ್ಟೆಯಿಂದ ತೊಡಗಿತಾದರೂ ಗಾಯ ಮಾಡಿದ್ದು ತಂದೆಯ ವೃತ್ತಿಯನ್ನೆತ್ತಿ ಆಡಿದ ಮಾತು. ನಮ್ಮ ವಾಸ್ಕೋ ಬಂದರಿನ ಊರು. ಹೊಟ್ಟೆಪಾಡಿಗಾಗಿ ಘಟ್ಟವಿಳಿದು ಬಂದ ಕನ್ನಡಿಗರಲ್ಲಿ ಹೊರೆ ಹೊರುವವರುಂಟು, ಲೆಕ್ಕ ಬರೆಯುವವರುಂಟು, ಅಂಗಡಿಯಿಟ್ಟವರುಂಟು. ಇವರೆಲ್ಲರ ಮಕ್ಕಳೂ ಒಂದೇ ಮಣೆಯ ಮೇಲೆ ಕುಳಿತು ಓದಬೇಕಾದವರು. ಆ ಮಣೆಯ ಮೇಲೆ ಯಾರ ತಂದೆಯ ದುಡಿಮೆಯೂ ಹಂಗಿಸುವ ಮಾತಾಗಬಾರದು. ಮನೆಯಲ್ಲಿ ಹಿರಿಯರು ನೆರೆಯವರ ಕೆಲಸವನ್ನು ಹಗುರಾಗಿ ಆಡಿದರೆ ಮಕ್ಕಳು ಅದನ್ನೇ ಶಾಲೆಗೆ ತರುತ್ತಾರೆಂಬುದನ್ನು ಪಾಲಕರೂ ನೆನಪಿನಲ್ಲಿಡಬೇಕು.

ಅಭ್ಯಾಸ: ಬಾವಿಯಿಂದ ಮೇಲೆ ಬಂದ ದೇವಯಾನಿಯು ದಾಸ್ಯವನ್ನು ಬೇಡದೆ ಬೇರೇನನ್ನು ಕೇಳಿದ್ದರೆ ಗೆಳೆತನ ಉಳಿಯುತ್ತಿತ್ತು? ಮನೆಯವರೊಡನೆ ಚರ್ಚಿಸಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.