ಕ್ವಾಂಟಂ ಗಣಕ: ವರ್ತಕರು ತಿಳಿಯಬೇಕಾದುದೇನು?

ಕೊಟ್ಟೂರಿನ ಅಡತಿ ಅಂಗಡಿಯಿಂದ ಮೆಕ್ಕೆಜೋಳದ ಹಣ ರೈತನ ಖಾತೆಗೆ ಜಮೆಯಾಗುವುದು, ಹರಪನಹಳ್ಳಿಯ ಉದ್ದಿಮೆದಾರರು ಜಿಎಸ್‌ಟಿ ವಿವರಗಳನ್ನು ಸಲ್ಲಿಸುವುದು, ಹೂವಿನಹಡಗಲಿಯ ಮಲ್ಲಿಗೆ ವ್ಯಾಪಾರಿ ಮೊಬೈಲಿನ ಮೂಲಕ ಹಣ ಪಡೆಯುವುದು, ಇವೆಲ್ಲವೂ ಇಂದು ಗಣಿತದ ಬೀಗಗಳ ಭರವಸೆಯ ಮೇಲೆ ನಡೆಯುತ್ತಿವೆ. ಅಂತಹ ಕೆಲವು ಬೀಗಗಳನ್ನು ಮುಂದೊಂದು ದಿನ ತೆರೆಯಬಲ್ಲ ಯಂತ್ರವೆಂದು ಕ್ವಾಂಟಂ ಗಣಕದ ಹೆಸರು ಕೇಳಿಬರುತ್ತಿದೆ. ಅದರ ತತ್ತ್ವವೇನು, ಅದರಿಂದ ವ್ಯಾಪಾರಕ್ಕೆ ಒದಗುವ ಲಾಭ ಹಾಗೂ ಅಪಾಯಗಳೇನು ಎಂಬುದನ್ನು ವರ್ತಕರು ಸ್ಥೂಲವಾಗಿಯಾದರೂ ಅರಿತಿರುವುದು ಒಳಿತು.

ಪೊಟ್ಟಣದ ಲೆಕ್ಕ

ಕಿರಾಣಿ ಅಂಗಡಿಯಲ್ಲಿ ಸಕ್ಕರೆಯನ್ನು ಬಿಡಿಯಾಗಿ ಎಷ್ಟು ಬೇಕಾದರೂ ತೂಗಿ ಕೊಡಬಹುದು. ಮೊಹರು ಮಾಡಿದ ಪೊಟ್ಟಣವನ್ನಾದರೋ ಇಡಿಯಾಗಿಯೇ ಮಾರಬೇಕು. ಪ್ರಕೃತಿಯೂ ಶಕ್ತಿಯನ್ನು ಪೊಟ್ಟಣಗಳಲ್ಲಿಯೇ ವಿನಿಮಯ ಮಾಡುತ್ತದೆ ಎಂಬ ಕಲ್ಪನೆಯನ್ನು 1900ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಮುಂದಿಟ್ಟರು. ಆ ಪೊಟ್ಟಣವೇ ಕ್ವಾಂಟಂ. ಬೆಳಕು ಕೂಡ ಇಂತಹ ಕಣಗಳಾಗಿ ವರ್ತಿಸುತ್ತದೆಂದು 1905ರಲ್ಲಿ ಐನ್‌ಸ್ಟೈನ್ ವಿವರಿಸಿದರು. ಆ ಕಣಗಳನ್ನು ಎಣಿಸುವ ಹೊಸ ವಿಧಾನವನ್ನು 1924ರಲ್ಲಿ ಢಾಕಾ ವಿಶ್ವವಿದ್ಯಾಲಯದಲ್ಲಿದ್ದ ಸತ್ಯೇಂದ್ರನಾಥ ಬೋಸ್ ನೀಡಿದರು.

ಈ ವಿಜ್ಞಾನ ಅಂಗಡಿಗೆ ಹೊಸದೇನಲ್ಲ. ಎಲ್‌ಇಡಿ ದೀಪ, ಮಾಳಿಗೆಯ ಮೇಲಿನ ಸೌರಫಲಕ, ಬಾರ್‌ಕೋಡ್ ಓದುವ ಲೇಸರ್, ಮೊಬೈಲಿನೊಳಗಿನ ಚಿಪ್, ಇವೆಲ್ಲವೂ ಕ್ವಾಂಟಂ ಭೌತಶಾಸ್ತ್ರದ ಫಲಗಳೇ ಆಗಿವೆ.

ಬಿಟ್ ಮತ್ತು ಕ್ಯೂಬಿಟ್

ಸಾಮಾನ್ಯ ಗಣಕದ ಬಿಟ್ ಸೊನ್ನೆ ಅಥವಾ ಒಂದು ಎಂಬ ಎರಡು ಸ್ಥಿತಿಗಳ ಪೈಕಿ ಒಂದರಲ್ಲಿ ಮಾತ್ರ ಇರುತ್ತದೆ. ಕ್ವಾಂಟಂ ಗಣಕದ ಕ್ಯೂಬಿಟ್ ಈ ಎರಡೂ ಸ್ಥಿತಿಗಳ ಮಿಶ್ರಣದಲ್ಲಿರಬಲ್ಲದು. 10 ಕ್ಯೂಬಿಟ್‌ಗಳ ಸ್ಥಿತಿಯನ್ನು ವಿವರಿಸಲು 1,024 ಸಂಖ್ಯೆಗಳು ಬೇಕು. 25 ಕ್ಯೂಬಿಟ್‌ಗಳಿಗೆ 3,35,54,432 ಸಂಖ್ಯೆಗಳು ಬೇಕು. ಒಂದೊಂದು ಕ್ಯೂಬಿಟ್ ಸೇರಿದಂತೆ ಈ ಲೆಕ್ಕ ದ್ವಿಗುಣವಾಗುತ್ತದೆ.

ಹಾಗೆಂದು ಈ ಯಂತ್ರ ಎಲ್ಲ ಉತ್ತರಗಳನ್ನೂ ಒಮ್ಮೆಗೇ ಪರಿಶೀಲಿಸಿ ಸರಿಯಾದುದನ್ನು ಕೊಡುತ್ತದೆ ಎಂಬ ಮಾತು ಸರಿಯಲ್ಲ. ಅಳೆದು ನೋಡಿದಾಗ ದೊರಕುವುದು ಒಂದೇ ಉತ್ತರ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಮಾಲವಿ ಜಲಾಶಯದಲ್ಲಿ ನೀರಿರುವಾಗ ಎರಡು ಕಲ್ಲುಗಳನ್ನು ಎಸೆದರೆ, ಅಲೆಯ ಉಬ್ಬಿಗೆ ಉಬ್ಬು ಸೇರಿದಲ್ಲಿ ಅಲೆ ಹಿಗ್ಗುತ್ತದೆ. ಉಬ್ಬಿಗೆ ತಗ್ಗು ಸೇರಿದಲ್ಲಿ ಅಡಗುತ್ತದೆ. ಅದೇ ರೀತಿ ತಪ್ಪು ಉತ್ತರಗಳು ಪರಸ್ಪರ ಅಳಿದು ಸರಿಯುತ್ತರ ಹಿಗ್ಗುವಂತೆ ಲೆಕ್ಕವನ್ನು ಹೆಣೆಯಬೇಕು. ಇಂತಹ ಹೆಣಿಗೆ ಕೆಲವೇ ಸಮಸ್ಯೆಗಳಿಗೆ ಒದಗಿಬಂದಿದೆ.

ಒಂದು ಉದಾಹರಣೆಯನ್ನು ಗಮನಿಸಬಹುದು. ಕೂಡ್ಲಿಗಿಯೂ ಸೇರಿದಂತೆ ಈ ಭಾಗದ ಐದು ಪಟ್ಟಣಗಳಿಗೆ ಸರಕು ಮುಟ್ಟಿಸುವ ಲಾರಿಗೆ 120 ಬಗೆಯ ಸರದಿಗಳಿವೆ. ಊರುಗಳು 15 ಆದರೆ ಸರದಿಗಳ ಸಂಖ್ಯೆ 1.3 ಲಕ್ಷ ಕೋಟಿಯನ್ನು ಮೀರುತ್ತದೆ. ಇಂತಹ ಲೆಕ್ಕಗಳಲ್ಲಿ ಕ್ವಾಂಟಂ ಗಣಕ ಸಾಮಾನ್ಯ ಗಣಕಕ್ಕಿಂತ ಪ್ರಯೋಜನಕಾರಿಯೆಂಬುದು ವ್ಯವಹಾರದಲ್ಲಿ ಇನ್ನೂ ಸಿದ್ಧಪಟ್ಟಿಲ್ಲ. ಹೊಸ ಔಷಧ, ಗೊಬ್ಬರ, ಬ್ಯಾಟರಿಗಳ ಅಣುರಚನೆಯ ಅಧ್ಯಯನದಲ್ಲಿ ಭರವಸೆ ಹೆಚ್ಚಾಗಿದೆ.

ಬೀಗದ ಗಣಿತ

47ನ್ನು 59ರಿಂದ ಗುಣಿಸಿದರೆ 2,773 ಎಂದು ಯಾರೂ ಹೇಳಬಲ್ಲರು. ಆದರೆ 2,773 ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದು ಕಂಡುಹಿಡಿಯಲು ಹೊತ್ತು ಹಿಡಿಯುತ್ತದೆ. ಸಂಖ್ಯೆ ನೂರಾರು ಅಂಕಿಗಳಷ್ಟು ಉದ್ದವಾದರೆ ಇಂದಿನ ಗಣಕಗಳಿಗೂ ಅದು ಅಸಾಧ್ಯ. 1977ರಲ್ಲಿ ರೂಪುಗೊಂಡ ಆರ್‌ಎಸ್‌ಎ ಎಂಬ ಬೀಗಕ್ಕೆ ಇದೇ ಆಧಾರ. ಸಾಕಷ್ಟು ದೊಡ್ಡ ಕ್ವಾಂಟಂ ಗಣಕವಿದ್ದರೆ ಈ ಲೆಕ್ಕವನ್ನು ಬೇಗನೆ ಬಿಡಿಸಬಹುದೆಂದು 1994ರಲ್ಲಿ ಅಮೆರಿಕದ ಪೀಟರ್ ಶೋರ್ ತೋರಿಸಿಕೊಟ್ಟರು.

ಅಂತಹ ಯಂತ್ರ ಇನ್ನೂ ಸಿದ್ಧವಾಗಿಲ್ಲ. ಸ್ವಲ್ಪ ಶಾಖ, ಸ್ವಲ್ಪ ಅಲುಗಾಟ ತಗಲಿದರೂ ಕ್ಯೂಬಿಟ್ ಕೆಡುತ್ತದೆ. ಹಲವು ಯಂತ್ರಗಳನ್ನು ಸೊನ್ನೆಗಿಂತ ಸುಮಾರು 273 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಇರಿಸಬೇಕಾಗುತ್ತದೆ. ಆದರೂ ಅಂತರ ಕಿರಿದಾಗುತ್ತಿದೆ. ಆರ್‌ಎಸ್‌ಎ ಬೀಗ ಮುರಿಯಲು 2 ಕೋಟಿ ಕ್ಯೂಬಿಟ್‌ಗಳು ಬೇಕೆಂದು 2019ರಲ್ಲಿ ಅಂದಾಜಿಸಲಾಗಿತ್ತು. 2025ರ ಅಂದಾಜು 10 ಲಕ್ಷಕ್ಕಿಂತ ಕಡಿಮೆ. ಇಂದು ಕದ್ದಿಟ್ಟುಕೊಂಡ ಗುಪ್ತ ದಾಖಲೆಯನ್ನು ಮುಂದೆ ಬಿಡಿಸಿ ಓದಬಹುದಾದ ಕಾರಣ, ದೀರ್ಘಕಾಲ ಗೌಪ್ಯವಾಗಿರಬೇಕಾದ ದಾಖಲೆಗಳಿಗೆ ಅಪಾಯ ಈಗಲೇ ಆರಂಭವಾಗಿದೆ.

ನಾಡಿನಲ್ಲಿ ನಡೆದಿರುವ ಕಾರ್ಯ

ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಮಂಜೂರಾತಿ ನೀಡಿತು. ಅದರ ಗಣಕ ವಿಭಾಗದ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕ್ವಾಂಟಂ ಸಂವಹನದ ಪ್ರಯೋಗಗಳು ನಡೆದಿವೆ. ಅದೇ ನಗರದ ಕ್ಯೂಪಿಎಐ ಸಂಸ್ಥೆ 2025ರಲ್ಲಿ 25 ಕ್ಯೂಬಿಟ್‌ಗಳ ಗಣಕವನ್ನು ಪ್ರಕಟಿಸಿತು. ಅಮೆರಿಕದ ಮಾನಕ ಸಂಸ್ಥೆಯು 2024ರ ಆಗಸ್ಟ್‌ನಲ್ಲಿ ಕ್ವಾಂಟಂ ದಾಳಿಯನ್ನು ತಡೆಯುವ ಮೂರು ಹೊಸ ಬೀಗಗಳ ಮಾನಕಗಳನ್ನು ಹೊರತಂದಿದೆ. ಇವು ಸಾಮಾನ್ಯ ಗಣಕ ಹಾಗೂ ಮೊಬೈಲುಗಳಲ್ಲಿಯೇ ಕೆಲಸ ಮಾಡುತ್ತವೆ.

ವರ್ತಕರ ಕರ್ತವ್ಯ

ಬೀಗ ಬದಲಿಸುವ ಮುಖ್ಯ ಹೊಣೆ ಬ್ಯಾಂಕುಗಳದು ಮತ್ತು ತಂತ್ರಾಂಶ ತಯಾರಕರದು. ಆದರೆ ಹಳೆಯ ತಂತ್ರಾಂಶವನ್ನೇ ಬಳಸುತ್ತಿರುವ ಅಂಗಡಿಗೆ ಹೊಸ ಬೀಗ ತಲುಪದು. ಆದುದರಿಂದ ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಸೂಕ್ತ.

1. ಮೊಬೈಲ್, ಗಣಕ ಹಾಗೂ ಲೆಕ್ಕಪತ್ರದ ತಂತ್ರಾಂಶಗಳನ್ನು ಕಾಲಕಾಲಕ್ಕೆ ನವೀಕರಿಸಬೇಕು.

2. ಹೊಸ ತಂತ್ರಾಂಶ ಕೊಳ್ಳುವಾಗ, ಕ್ವಾಂಟಂ ದಾಳಿಯನ್ನು ತಡೆಯುವ ಬೀಗಕ್ಕೆ ಅದು ಯಾವಾಗ ಬದಲಾಗುವುದೆಂದು ಮಾರಾಟಗಾರರನ್ನು ಕೇಳಬೇಕು.

3. ತಯಾರಿಕಾ ಸೂತ್ರ, ನಕ್ಷೆ ಮುಂತಾಗಿ ಹತ್ತಾರು ವರ್ಷ ಗುಟ್ಟಾಗಿರಬೇಕಾದ ದಾಖಲೆಗಳನ್ನು ಅಂತರಜಾಲದಲ್ಲಿ ಅನಗತ್ಯವಾಗಿ ರವಾನಿಸಬಾರದು.

4. ಕ್ವಾಂಟಂ ಎಂಬ ಹೆಸರನ್ನು ಅಂಟಿಸಿಕೊಂಡು ರೋಗ ನಿವಾರಣೆ, ವಿದ್ಯುತ್ ಉಳಿತಾಯ ಅಥವಾ ಶೀಘ್ರ ಲಾಭದ ಆಸೆ ತೋರಿಸುವ ಸರಕು, ಯೋಜನೆಗಳಿಗೆ ಮಾರುಹೋಗಬಾರದು.

ಒಟಿಪಿ ಕೇಳಿ ವಂಚಿಸುವವನಿಗೆ ಕ್ವಾಂಟಂ ಗಣಕದ ಅಗತ್ಯವಿಲ್ಲ ಎಂಬುದನ್ನೂ ಮರೆಯಬಾರದು. ಬೀಗವೆಷ್ಟೇ ಭದ್ರವಾಗಿದ್ದರೂ ಕೀಲಿಕೈಯನ್ನು ಪರರ ಕೈಗೆ ಕೊಡದಿರುವುದೇ ವ್ಯಾಪಾರದ ಮೊದಲ ರಕ್ಷಣೆಯಾಗಿದೆ.